ವಸತಿ ದೂರುಗಳು ಮತ್ತು ಲೋಕಾಯುಕ್ತರ ತನಿಖಾಧಿಕಾರದ ಮಿತಿಗಳು

ಪೀಠಿಕೆ

ಬಡವರಿಗೆ ನಿವೇಶನವನ್ನೂ ಮನೆಯನ್ನೂ ಒದಗಿಸುವುದು ಕರ್ನಾಟಕದ ಆಡಳಿತವು ಬಹುಕಾಲದಿಂದ ಹೊತ್ತುಬಂದಿರುವ ಹೊಣೆ. 1970ರ ದಶಕದ ಜನತಾ ಮನೆಗಳು, 1991-92ರಲ್ಲಿ ಆರಂಭವಾದ ಆಶ್ರಯ ಯೋಜನೆ, 2010ರ ಬಸವ ವಸತಿ ಯೋಜನೆ, ಕೇಂದ್ರದ ಇಂದಿರಾ ಆವಾಸ್ ಯೋಜನೆ ಮತ್ತು ಅದು 2016ರಲ್ಲಿ ಪಡೆದ ಹೊಸ ರೂಪವಾದ ಪ್ರಧಾನಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) ಇವೆಲ್ಲವೂ ಒಂದೇ ಸರಣಿಯ ಕೊಂಡಿಗಳು. ಈ ಯೋಜನೆಗಳ ನಿರ್ವಹಣೆಗಾಗಿ ಕರ್ನಾಟಕ ಗೃಹ ಮಂಡಳಿ, ಕೊಳಚೆ ಪ್ರದೇಶಗಳ ಅಭಿವೃದ್ಧಿ ಮಂಡಳಿ, 2000ದಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಮೊದಲಾದ ಸಂಸ್ಥೆಗಳು ರೂಪುಗೊಂಡಿವೆ. ಇಷ್ಟು ದೊಡ್ಡ ವ್ಯವಸ್ಥೆಯಲ್ಲಿ ದೂರುಗಳು ಹುಟ್ಟುವುದು ಸಹಜ. ಪಟ್ಟಿಯಿಂದ ಹೆಸರು ಬಿಟ್ಟುಹೋದವರು, ಹಕ್ಕುಪತ್ರ ಕೈಸೇರಿದರೂ ನಿವೇಶನ ಎಲ್ಲಿದೆಯೆಂದು ತಿಳಿಯದವರು, ಗೋಡೆ ಏರಿದ ಮೇಲೆ ಬಿಲ್ ಆಗದೆ ಛಾವಣಿ ಹಾಕಿಸಲಾರದವರು ತಮ್ಮ ಅಹವಾಲನ್ನು ಎಲ್ಲಿಗೆ ಒಯ್ಯಬೇಕು?

ಈ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರ ‘ಲೋಕಾಯುಕ್ತ’ ಎಂಬುದು. ಉತ್ತರ ತಪ್ಪಲ್ಲ, ಆದರೆ ಪೂರ್ಣವೂ ಅಲ್ಲ. ಕರ್ನಾಟಕ ಲೋಕಾಯುಕ್ತ ಅಧಿನಿಯಮ, 1984 ವಸತಿ ದೂರನ್ನು ಹೊರಗಿಟ್ಟಿಲ್ಲ. ಆದರೆ ಅದನ್ನು ಒಳಗೆ ಬಿಟ್ಟುಕೊಳ್ಳುವಾಗ ಹಲವು ನಿಬಂಧನೆಗಳನ್ನು ವಿಧಿಸಿದೆ. ಆ ನಿಬಂಧನೆಗಳು ಯಾವುವು, ಅವು ಯಾವ ಕಾರಣಕ್ಕೆ ಇವೆ, ವಸತಿಯಂತಹ ವಿಷಯದಲ್ಲಿ ಅವು ಹೇಗೆ ವರ್ತಿಸುತ್ತವೆ ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಲೋಕಾಯುಕ್ತ ಸಂಸ್ಥೆಯ ಭ್ರಷ್ಟಾಚಾರ ವಿರೋಧಿ ಮುಖದ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ. ಅದರ ಇನ್ನೊಂದು ಮುಖವಾದ ಕುಂದುಕೊರತೆ ನಿವಾರಣೆಯ ಬಗ್ಗೆ ಅಷ್ಟಾಗಿ ನಡೆದಿಲ್ಲ. ಬಡವನ ಮನೆಯ ದೂರು ಬಹುಪಾಲು ಸೇರುವುದು ಈ ಎರಡನೆಯ ಮುಖಕ್ಕೇ ಎಂಬುದರಿಂದ ಈ ಚರ್ಚೆಗೆ ಮಹತ್ವವಿದೆ.

ವಸತಿ ದೂರಿನ ಸ್ವರೂಪ

ವಸತಿ ಯೋಜನೆಯೊಂದು ಫಲಾನುಭವಿಯನ್ನು ತಲಪುವ ಮೊದಲು ಹಲವು ಕೈಗಳನ್ನು ದಾಟಿ ಬರುತ್ತದೆ. ಗ್ರಾಮೀಣ ಪ್ರದೇಶದಲ್ಲಿ ಫಲಾನುಭವಿಗಳ ಆಯ್ಕೆ ಗ್ರಾಮಸಭೆಯಲ್ಲಿ ನಡೆಯಬೇಕು. ನಗರ ಪ್ರದೇಶದಲ್ಲಿ ಆ ಕ್ಷೇತ್ರದ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿ ಆಯ್ಕೆ ಮಾಡುತ್ತದೆ. ಆಯ್ಕೆಯಾದವರ ವಿವರವನ್ನು ಪಂಚಾಯತಿ ಅಭಿವೃದ್ಧಿ ಅಧಿಕಾರಿ ದಾಖಲಿಸುತ್ತಾರೆ. ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಎಂಬ ಹಂತಗಳಲ್ಲಿ ಮನೆಯ ಛಾಯಾಚಿತ್ರವನ್ನು ಸ್ಥಳದಲ್ಲಿಯೇ ತೆಗೆದು ಕಳುಹಿಸಬೇಕು. ಅದರ ಆಧಾರದ ಮೇಲೆ ನಿಗಮವು ಕಂತಿನ ಹಣವನ್ನು ಫಲಾನುಭವಿಯ ಬ್ಯಾಂಕ್ ಖಾತೆಗೆ ಜಮಾ ಮಾಡುತ್ತದೆ. ನಿವೇಶನದ ಪ್ರಶ್ನೆಯಿದ್ದರೆ ಕಂದಾಯ ಇಲಾಖೆ, ಭೂಮಾಪನ ಇಲಾಖೆಗಳೂ ಇದರಲ್ಲಿ ಸೇರಿಕೊಳ್ಳುತ್ತವೆ.

ಇಷ್ಟು ಕೈಗಳಲ್ಲಿ ಯಾವುದೊಂದು ತಡೆದರೂ ಕೆಲಸ ನಿಲ್ಲುತ್ತದೆ. ಹೀಗೆ ನಿಂತಾಗಲೆಲ್ಲ ಅದರ ಹಿಂದೆ ಲಂಚದ ಬೇಡಿಕೆ ಇರುತ್ತದೆಂದು ಹೇಳಲಾಗದು. ಅಧಿಕಾರಿಯ ವರ್ಗಾವಣೆ, ದಾಖಲೆಯಲ್ಲಿ ಹೆಸರಿನ ಒಂದಕ್ಷರದ ವ್ಯತ್ಯಾಸ, ಸಕಾಲದಲ್ಲಿ ಛಾಯಾಚಿತ್ರ ತೆಗೆಯದಿರುವುದು, ಅನುದಾನದ ಕೊರತೆ, ಇಬ್ಬರು ಅಧಿಕಾರಿಗಳು ಪರಸ್ಪರರ ಕಡೆಗೆ ಕೈತೋರಿಸುವುದು ಇವುಗಳಲ್ಲಿ ಯಾವುದೂ ಕಾರಣವಾಗಬಹುದು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯಲ್ಲಿ ಪೂಜಾರಿ ಯಾರೆಂದು ಗೊತ್ತಿದೆ. ವಸತಿ ದೂರಿನಲ್ಲಿ ಬಹಳ ಸಲ ಅದೇ ಗೊತ್ತಿರುವುದಿಲ್ಲ. ತಪ್ಪಿತಸ್ಥ ವ್ಯಕ್ತಿಗಿಂತ ತಪ್ಪಿದ ಕೆಲಸವೇ ಇಲ್ಲಿ ಮುಖ್ಯ. ದೂರುದಾರನಿಗೆ ಬೇಕಾದದ್ದು ಯಾರಿಗಾದರೂ ಶಿಕ್ಷೆಯಾಗುವುದಲ್ಲ, ಮನೆ ಪೂರ್ಣಗೊಳ್ಳುವುದು.

ಅಧಿನಿಯಮದ ಎರಡು ಪರಿಕಲ್ಪನೆಗಳು

ಸ್ವೀಡನ್ನಿನಲ್ಲಿ 1809ರಲ್ಲಿ ಹುಟ್ಟಿದ ಓಂಬುಡ್ಸ್‌ಮನ್ ಪರಿಕಲ್ಪನೆ ಭಾರತದಲ್ಲಿ ಲೋಕಪಾಲ, ಲೋಕಾಯುಕ್ತ ಎಂಬ ಹೆಸರುಗಳನ್ನು ಪಡೆಯಿತು. ಮೊದಲ ಆಡಳಿತ ಸುಧಾರಣಾ ಆಯೋಗವು 1966ರಲ್ಲಿ ಸಲ್ಲಿಸಿದ ಮಧ್ಯಂತರ ವರದಿಯ ವಿಷಯವೇ ನಾಗರಿಕರ ಕುಂದುಕೊರತೆಗಳ ನಿವಾರಣೆ ಎಂಬುದನ್ನು ಇಲ್ಲಿ ನೆನೆಯಬೇಕು. ಅಂದರೆ ಮೂಲದಲ್ಲಿ ಈ ಸಂಸ್ಥೆಯನ್ನು ಕಲ್ಪಿಸಿಕೊಂಡದ್ದು ಭ್ರಷ್ಟರನ್ನು ಹಿಡಿಯುವ ಸಾಧನವಾಗಿ ಮಾತ್ರವಲ್ಲ, ಆಡಳಿತದಿಂದ ನೊಂದವರ ಅಹವಾಲನ್ನು ಆಲಿಸುವ ಪೀಠವಾಗಿಯೂ ಹೌದು. ಕರ್ನಾಟಕದ ಅಧಿನಿಯಮ 1984ರಲ್ಲಿ ರೂಪುಗೊಂಡು 1986ರಲ್ಲಿ ಜಾರಿಗೆ ಬಂದಿತು.

ಅಧಿನಿಯಮವು ದೂರುಗಳನ್ನು ಎರಡು ವರ್ಗಗಳಲ್ಲಿ ಇರಿಸುತ್ತದೆ. ಮೊದಲನೆಯದು ‘ಆಪಾದನೆ’. ಸಾರ್ವಜನಿಕ ನೌಕರನು ತನ್ನ ಸ್ಥಾನವನ್ನು ದುರುಪಯೋಗಪಡಿಸಿಕೊಂಡು ತನಗಾಗಲಿ ಇತರರಿಗಾಗಲಿ ಲಾಭ ಮಾಡಿಕೊಟ್ಟ, ಬೇರೆಯವರಿಗೆ ಅನುಚಿತ ಹಾನಿ ಅಥವಾ ತೊಂದರೆ ಉಂಟುಮಾಡಿದ, ಸ್ವಹಿತ ಅಥವಾ ಭ್ರಷ್ಟ ಉದ್ದೇಶದಿಂದ ನಡೆದುಕೊಂಡ, ಪಕ್ಷಪಾತ ಅಥವಾ ಸ್ವಜನಪಕ್ಷಪಾತ ತೋರಿದ, ತನ್ನ ದರ್ಜೆಯ ನೌಕರನಿಗೆ ಉಚಿತವಾದ ಪ್ರಾಮಾಣಿಕತೆಯ ಮಟ್ಟದಿಂದ ಜಾರಿದ ಎಂಬ ದೂರುಗಳು ಇದರಲ್ಲಿ ಬರುತ್ತವೆ. ಎರಡನೆಯದು ‘ಕುಂದುಕೊರತೆ’. ದುರಾಡಳಿತದ ಫಲವಾಗಿ ತನಗೆ ಅನ್ಯಾಯ ಅಥವಾ ಅನುಚಿತ ತೊಂದರೆ ಆಗಿದೆಯೆಂದು ವ್ಯಕ್ತಿಯೊಬ್ಬ ಮಂಡಿಸುವ ಹಕ್ಕೊತ್ತಾಯವೇ ಕುಂದುಕೊರತೆ. ‘ದುರಾಡಳಿತ’ ಪದಕ್ಕೂ ಅಧಿನಿಯಮದಲ್ಲಿ ವಿವರಣೆಯಿದೆ. ಆಡಳಿತಾತ್ಮಕ ಕೃತ್ಯವಾಗಲಿ ಅದನ್ನು ನಿಯಂತ್ರಿಸುವ ಪದ್ಧತಿಯಾಗಲಿ ಅಸಮಂಜಸ, ಅನ್ಯಾಯಯುತ, ದಬ್ಬಾಳಿಕೆಯ ಅಥವಾ ತಾರತಮ್ಯದ ಸ್ವರೂಪದ್ದಾಗಿದ್ದರೆ, ಇಲ್ಲವೆ ಅದರಲ್ಲಿ ಉದ್ದೇಶಪೂರ್ವಕ ನಿರ್ಲಕ್ಷ್ಯ ಅಥವಾ ಅನುಚಿತ ವಿಳಂಬ ಇದ್ದರೆ ಅದು ದುರಾಡಳಿತ.

ಈ ವ್ಯಾಖ್ಯೆ ಉದಾರವಾದುದು. ಕೃತ್ಯವನ್ನು ಮಾತ್ರವಲ್ಲದೆ ಪದ್ಧತಿಯನ್ನೂ ಅದು ಪ್ರಶ್ನಿಸಬಲ್ಲದು. ಕಂತಿನ ಹಣ ತಡೆದಿರುವುದು, ಹೆಸರನ್ನು ವಿಚಾರಿಸದೆ ಕೈಬಿಟ್ಟಿರುವುದು, ಹಕ್ಕುಪತ್ರ ಕೊಟ್ಟೂ ಜಾಗ ಗುರುತಿಸದಿರುವುದು ಎಲ್ಲವೂ ಇದರ ತೆಕ್ಕೆಗೆ ಬರುತ್ತವೆ. ಆದರೆ ವ್ಯಾಖ್ಯೆ ತೆರೆದಿಟ್ಟ ಬಾಗಿಲನ್ನು ಮುಂದಿನ ಕಲಮುಗಳು ಒಂದೊಂದಾಗಿ ಕಿರಿದುಗೊಳಿಸುತ್ತವೆ.

ಮಿತಿಗಳು

1. ಯಾರ ಕೃತ್ಯ ಎಂಬ ಮಿತಿ

ಲೋಕಾಯುಕ್ತರಾಗಲಿ ಉಪಲೋಕಾಯುಕ್ತರಾಗಲಿ ತನಿಖೆ ಮಾಡುವುದು ಸಾರ್ವಜನಿಕ ನೌಕರನ ಕೃತ್ಯವನ್ನು. 7ನೆಯ ಕಲಮಿನಂತೆ ಮುಖ್ಯಮಂತ್ರಿ, ಸಚಿವರು, ಕಾರ್ಯದರ್ಶಿಗಳು, ರಾಜ್ಯ ಶಾಸನಸಭೆಗಳ ಸದಸ್ಯರು ಮತ್ತು ಅಧಿಸೂಚಿತ ವರ್ಗದ ನೌಕರರ ಕೃತ್ಯಗಳು ಲೋಕಾಯುಕ್ತರ ವ್ಯಾಪ್ತಿಗೂ, ಉಳಿದ ಸಾರ್ವಜನಿಕ ನೌಕರರ ಕೃತ್ಯಗಳು ಉಪಲೋಕಾಯುಕ್ತರ ವ್ಯಾಪ್ತಿಗೂ ಸೇರುತ್ತವೆ. ಹೀಗಾಗಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯ ಮೇಲಿನ ದೂರು ಉಪಲೋಕಾಯುಕ್ತರ ಮುಂದೆಯೂ, ನಗರದ ಆಶ್ರಯ ಸಮಿತಿಯ ಅಧ್ಯಕ್ಷರಾಗಿ ಶಾಸಕರು ಕೈಗೊಂಡ ಕ್ರಮದ ಮೇಲಿನ ದೂರು ಲೋಕಾಯುಕ್ತರ ಮುಂದೆಯೂ ಹೋಗಬೇಕಾಗುತ್ತದೆ.

ಗ್ರಾಮಸಭೆಯ ವಿಷಯದಲ್ಲಿ ಹೆಚ್ಚಿನ ತೊಡಕಿದೆ. ಗ್ರಾಮಸಭೆಯೆಂದರೆ ಗ್ರಾಮದ ಮತದಾರರ ಸಭೆ. ಅದರಲ್ಲಿ ಕೈಯೆತ್ತುವ ಗ್ರಾಮಸ್ಥ ಸಾರ್ವಜನಿಕ ನೌಕರನಲ್ಲ. ಸಭೆಯ ಆಯ್ಕೆಯೇ ಅನ್ಯಾಯದ್ದು ಎಂಬುದು ದೂರಾದರೆ ತನಿಖೆಗೆ ಒಳಪಡಬೇಕಾದ ನೌಕರ ಯಾರು? ಸಭೆಯ ನೋಟೀಸು ಸರಿಯಾಗಿ ಹೊರಡಲಿಲ್ಲ, ಕೋರಂ ಇರಲಿಲ್ಲ, ನಡಾವಳಿಯನ್ನು ತಿದ್ದಲಾಗಿದೆ ಎಂದು ಅಧಿಕಾರಿಯ ಪಾತ್ರವನ್ನು ಮುಂದಿಟ್ಟಾಗ ಮಾತ್ರ ದೂರು ನಿಲ್ಲಬಲ್ಲದು. ಊರಿನ ಬಲಾಢ್ಯರ ಮುಂದೆ ಬಡವರು ಬಾಯಿ ತೆರೆಯಲಾಗದ ಸಭೆಯೊಂದು ನಿಯಮಬದ್ಧವಾಗಿಯೇ ನಡೆದಿದ್ದರೆ ಅಲ್ಲಿಯ ಅನ್ಯಾಯವನ್ನು ಹಿಡಿಯಲು ಈ ಅಧಿನಿಯಮದಲ್ಲಿ ಸುಲಭದ ದಾರಿಯಿಲ್ಲ.

ಅಂತೆಯೇ ಕೊಳಚೆ ಪ್ರದೇಶದಲ್ಲಿ ಕಟ್ಟಡ ಕಟ್ಟುವ ಖಾಸಗಿ ಗುತ್ತಿಗೆದಾರ ಸಾರ್ವಜನಿಕ ನೌಕರನಲ್ಲ. ಕಾಮಗಾರಿಯ ಮೇಲ್ವಿಚಾರಣೆ ನಡೆಸಿದ ಎಂಜಿನಿಯರ್ ಮಾತ್ರ ವ್ಯಾಪ್ತಿಗೆ ಬರುತ್ತಾನೆ. ಕೇಂದ್ರದ ಯೋಜನೆಯ ಅರ್ಹತಾ ನಿಯಮವನ್ನು ರೂಪಿಸಿದ ಕೇಂದ್ರ ಸಚಿವಾಲಯ ರಾಜ್ಯದ ಲೋಕಾಯುಕ್ತರ ಕೈಗೆ ಎಟುಕುವುದಿಲ್ಲ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಫಲಾನುಭವಿಗಳನ್ನು ಗುರುತಿಸಲು ಮೊದಲಿಗೆ ಆಧಾರವಾಗಿದ್ದುದು 2011ರ ಸಾಮಾಜಿಕ-ಆರ್ಥಿಕ ಮತ್ತು ಜಾತಿ ಗಣತಿ. ಆ ಗಣತಿಯ ಪಟ್ಟಿಯಲ್ಲೇ ಹೆಸರಿಲ್ಲವೆಂದು ಸ್ಥಳೀಯ ಅಧಿಕಾರಿ ಉತ್ತರಿಸಿದರೆ ಅವನ ಮಟ್ಟಿಗೆ ಆ ಉತ್ತರ ಸರಿಯೇ ಆಗಿರಬಹುದು.

2. ಕಾಲದ ಮಿತಿ

8ನೆಯ ಕಲಮು ಕಾಲಮಿತಿಯನ್ನು ನಿಗದಿಪಡಿಸುತ್ತದೆ. ಆಪಾದನೆಯ ದೂರನ್ನು ಕೃತ್ಯ ನಡೆದಂದಿನಿಂದ 5 ವರ್ಷಗಳೊಳಗೆ ಸಲ್ಲಿಸಬಹುದು. ಕುಂದುಕೊರತೆಯ ದೂರನ್ನಾದರೋ ಕೃತ್ಯವು ದೂರುದಾರನ ಅರಿವಿಗೆ ಬಂದಂದಿನಿಂದ 6 ತಿಂಗಳೊಳಗೆ ಸಲ್ಲಿಸಬೇಕು. ಸಾಕಷ್ಟು ಕಾರಣ ತೋರಿದರೆ ವಿಳಂಬವನ್ನು ಮನ್ನಿಸುವ ಅವಕಾಶ ಇದೆಯಾದರೂ ಅದು ಹಕ್ಕಲ್ಲ. ದೂರುದಾರ ಮನವರಿಕೆ ಮಾಡಿಕೊಡಬೇಕಾದ ವಿಷಯ.

ಊಹೆಗಾಗಿ ಒಂದು ಪ್ರಕರಣವನ್ನು ತೆಗೆದುಕೊಳ್ಳೋಣ. ವಿಧವೆಯೊಬ್ಬಳ ಹೆಸರು ಗ್ರಾಮಸಭೆಯ ಪಟ್ಟಿಯಲ್ಲಿತ್ತು. ಅಂತಿಮ ಪಟ್ಟಿಯಲ್ಲಿ ಇಲ್ಲವೆಂದು ಆಕೆಗೆ ತಿಳಿಯುತ್ತದೆ. ಆಕೆ ಮೊದಲು ಪಂಚಾಯತಿ ಕಚೇರಿಗೆ ಹೋಗುತ್ತಾಳೆ. ಮುಂದಿನ ಪಟ್ಟಿಯಲ್ಲಿ ಸೇರಿಸೋಣ ಎಂಬ ಮಾತು ಸಿಗುತ್ತದೆ. ಕೆಲವು ವಾರಗಳ ಬಳಿಕ ತಾಲ್ಲೂಕು ಪಂಚಾಯತಿಗೆ ಅರ್ಜಿ, ಆ ಬಳಿಕ ಜಿಲ್ಲಾ ಪಂಚಾಯತಿಗೆ ಅರ್ಜಿ, ನಡುವೆ ಶಾಸಕರ ಭೇಟಿ. ನಂಬಿಕೆಯಿಂದ ಕಾಯುವವರಿಗೆ 6 ತಿಂಗಳು ಕಳೆಯುವುದು ತಿಳಿಯುವುದೇ ಇಲ್ಲ. ಕಚೇರಿಗಳಲ್ಲಿ ವಿಶ್ವಾಸವಿಟ್ಟು ಕಾದದ್ದೇ ಆಕೆಯ ದೂರಿಗೆ ಅಡ್ಡಿಯಾಗಿ ನಿಲ್ಲುತ್ತದೆ. ಹಾಗಿದ್ದೂ ಇದೇ ಪ್ರಕರಣದಲ್ಲಿ ಅಧಿಕಾರಿ ಪಕ್ಷಪಾತ ತೋರಿದನೆಂದು ಆಕೆ ಬರೆದರೆ 5 ವರ್ಷಗಳ ಅವಧಿ ತೆರೆದುಕೊಳ್ಳುತ್ತದೆ.

ಕಂತಿನ ಹಣ ತಡೆದ ಪ್ರಕರಣಗಳಲ್ಲಿ ಕಾಲಗಣನೆ ಎಲ್ಲಿಂದ ಆರಂಭವಾಗಬೇಕೆಂಬುದೂ ಪ್ರಶ್ನೆಯೇ. ವಿಳಂಬವೆಂಬುದು ಒಂದು ದಿನ ನಡೆದು ಮುಗಿಯುವ ಕೃತ್ಯವಲ್ಲ. ಹಣ ಬಾರದಿರುವ ಪ್ರತಿ ದಿನವೂ ಅದು ಮುಂದುವರಿಯುತ್ತಿರುತ್ತದೆ. ಇಂತಹ ಪ್ರಕರಣಗಳನ್ನು ಮುಂದುವರಿಯುತ್ತಿರುವ ದುರಾಡಳಿತವೆಂದು ಅರ್ಥೈಸುವುದು ನ್ಯಾಯಯುತ. ಆದರೆ ಅದು ಅರ್ಥೈಸುವವರ ಮನಸ್ಸನ್ನು ಅವಲಂಬಿಸಿದೆ.

3. ಪರ್ಯಾಯ ಪರಿಹಾರದ ಮಿತಿ

ದೂರುದಾರನಿಗೆ ನ್ಯಾಯಾಲಯ, ನ್ಯಾಯಮಂಡಳಿ, ಅಧಿಕಾರಿ ಅಥವಾ ಬೇರೆ ಪ್ರಾಧಿಕಾರದ ಮುಂದೆ ಮೇಲ್ಮನವಿ, ಪುನರೀಕ್ಷಣೆ, ಪುನರ್ವಿಮರ್ಶೆ ಇತ್ಯಾದಿ ಪರಿಹಾರ ಇದ್ದು ಅದನ್ನು ಆತ ಬಳಸಿಕೊಳ್ಳದಿದ್ದರೆ ಕುಂದುಕೊರತೆಯ ತನಿಖೆ ನಡೆಸಲಾಗದು. ಪರಿಹಾರ ಈಗ ಇರುವುದಷ್ಟೇ ಅಲ್ಲ, ಹಿಂದೆ ಇದ್ದಿದ್ದರೂ ಈ ತಡೆ ಅನ್ವಯಿಸುತ್ತದೆ ಎಂಬುದು ಗಮನಾರ್ಹ. ಮೇಲ್ಮನವಿಯ ಅವಧಿ ಮೀರಿ ಹೋಗಿದೆಯೆಂಬುದು ದೂರುದಾರನಿಗೆ ಅನುಕೂಲವಾಗಿ ಪರಿಣಮಿಸುವುದಿಲ್ಲ.

ಈ ನಿಬಂಧನೆಗೆ ತಾತ್ವಿಕ ಸಮರ್ಥನೆ ಇದೆ. ಓಂಬುಡ್ಸ್‌ಮನ್ ನ್ಯಾಯಾಲಯದ ಬದಲಿಯಲ್ಲ. ಬೇರೆಲ್ಲೂ ದಾರಿಯಿಲ್ಲದವರಿಗೆ ಇರುವ ದಾರಿ. ಆದರೆ ವಸತಿ ಕ್ಷೇತ್ರದಲ್ಲಿ ಕಾಗದದ ಮೇಲಿನ ದಾರಿಗಳಿಗೆ ಕೊರತೆಯಿಲ್ಲ. ಪಂಚಾಯತಿಯ ಕಾನೂನುಬಾಹಿರ ನಿರ್ಣಯವನ್ನು ತಡೆಯುವ ಅಧಿಕಾರ ಮೇಲಿನ ಅಧಿಕಾರಿಗಳಿಗೆ ಇದೆ. 2011ರಲ್ಲಿ ಬಂದ ಸಕಾಲ ಕಾನೂನಿನಡಿ ಅಧಿಸೂಚಿತ ಸೇವೆಗಳಿಗೆ ಎರಡು ಹಂತದ ಮೇಲ್ಮನವಿ ಇದೆ. ಉಚ್ಚ ನ್ಯಾಯಾಲಯದ ರಿಟ್ ಅಧಿಕಾರವಂತೂ ಯಾವಾಗಲೂ ಇದೆ. ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1993ರಲ್ಲಿ ಶಾಸನಬದ್ಧ ವಸತಿ ಪ್ರಾಧಿಕಾರಗಳ ಸೇವೆಯೂ ಗ್ರಾಹಕ ಸಂರಕ್ಷಣಾ ಕಾಯಿದೆಯ ವ್ಯಾಪ್ತಿಗೆ ಬರುತ್ತದೆಂದು ತೀರ್ಪು ನೀಡಿತು. ಗೃಹ ಮಂಡಳಿಗೆ ಹಣ ಕಟ್ಟಿ ಮನೆ ಪಡೆದವರಿಗೆ ಇದು ವರದಾನ. ಆದರೆ ಗ್ರಾಹಕ ಕಾನೂನು ನಿಂತಿರುವುದು ಪ್ರತಿಫಲ ನೀಡಿ ಸೇವೆ ಪಡೆಯುವ ತತ್ತ್ವದ ಮೇಲೆ. ಉಚಿತ ನಿವೇಶನ ಪಡೆಯುವ ಆಶ್ರಯ ಫಲಾನುಭವಿಗೆ ಅದು ಅದೇ ರೀತಿ ಒದಗಲಾರದು. ಇಂತಹ ಎಲ್ಲ ದಾರಿಗಳನ್ನೂ ‘ಇರುವ ಪರಿಹಾರ’ ಎಂದು ಕಟ್ಟುನಿಟ್ಟಾಗಿ ಎಣಿಸಿದರೆ ಕುಂದುಕೊರತೆಯ ತನಿಖೆಗೆ ಉಳಿಯುವ ಕ್ಷೇತ್ರ ಅತ್ಯಲ್ಪ.

4. ವಿವೇಚನಾಧಿಕಾರದ ಮಿತಿ

ಕುಂದುಕೊರತೆಯ ದೂರಿನಲ್ಲಿ ಅಧಿಕಾರಿಯ ವಿವೇಚನೆಯನ್ನು ಪ್ರಶ್ನಿಸುವ ಅಧಿಕಾರ ಸಾಮಾನ್ಯವಾಗಿ ಇಲ್ಲ. ವಿವೇಚನೆಯ ಲಕ್ಷಣಗಳೇ ಇಲ್ಲವೆನ್ನುವಷ್ಟರ ಮಟ್ಟಿಗೆ ಅದು ಅನುಚಿತವಾಗಿ ಬಳಕೆಯಾಗಿದೆಯೆಂದು ಮೇಲ್ನೋಟಕ್ಕೇ ಕಂಡುಬಂದಾಗ ಮಾತ್ರ ಪ್ರಶ್ನಿಸಬಹುದು. ಹತ್ತು ಮನೆಗಳಿಗೆ ನೂರು ಮಂದಿ ಅರ್ಹರಿದ್ದಾಗ ಯಾರಿಗೆ ಮೊದಲು ಎಂಬುದನ್ನು ತನಿಖಾಧಿಕಾರಿ ನಿರ್ಧರಿಸತೊಡಗಿದರೆ ಅವನೇ ಆಡಳಿತಗಾರನಾಗುತ್ತಾನೆ. ಆದುದರಿಂದ ಈ ಮಿತಿ ಅವಶ್ಯಕ. ಆದರೆ ಆಯ್ಕೆಗೆ ಕಾರಣವನ್ನು ದಾಖಲಿಸದಿದ್ದಲ್ಲಿ ವಿವೇಚನೆ ನಡೆದಿದೆಯೋ ಇಲ್ಲವೋ ಎಂಬುದನ್ನೇ ತಿಳಿಯಲಾಗದು. ಕಾರಣ ಬರೆಯದ ಅಧಿಕಾರಿಗೆ ಈ ಮಿತಿ ರಕ್ಷೆಯಾಗಬಾರದು. ಕಾರಣದ ಅಭಾವವನ್ನೇ ವಿವೇಚನೆಯ ಅಭಾವಕ್ಕೆ ಸಾಕ್ಷ್ಯವೆಂದು ಪರಿಗಣಿಸುವುದು ಅಧಿನಿಯಮದ ಭಾಷೆಗೆ ವಿರುದ್ಧವಾಗದು.

5. ವಾಣಿಜ್ಯ ಕರಾರಿನ ಮಿತಿ

ಅಧಿನಿಯಮದ ಎರಡನೆಯ ಅನುಸೂಚಿ ಕೆಲವು ವಿಷಯಗಳನ್ನು ಕುಂದುಕೊರತೆಯ ತನಿಖೆಯಿಂದ ಹೊರಗಿಡುತ್ತದೆ. ಗ್ರಾಹಕರು ಅಥವಾ ಸರಬರಾಜುದಾರರೊಂದಿಗೆ ಆಡಳಿತಕ್ಕಿರುವ ಕೇವಲ ವಾಣಿಜ್ಯ ಸಂಬಂಧದ ಕರಾರಿನಿಂದ ಹುಟ್ಟುವ ವಿಷಯಗಳು ಅವುಗಳಲ್ಲಿ ಸೇರಿವೆ. ಕಿರುಕುಳ ಅಥವಾ ಕರಾರನ್ನು ನೆರವೇರಿಸುವಲ್ಲಿ ವಿಪರೀತ ವಿಳಂಬ ಆಗಿದೆಯೆಂದು ದೂರಿದಾಗ ಮಾತ್ರ ಇದಕ್ಕೆ ವಿನಾಯಿತಿ. ಕಂತಿನ ಮೇಲೆ ಮನೆ ಪಡೆದವನ ಬಡ್ಡಿಯ ಲೆಕ್ಕ ಅಥವಾ ಬೆಲೆ ಏರಿಕೆಯ ವಿವಾದ ‘ಕೇವಲ ವಾಣಿಜ್ಯ’ವೇ? ಕಡಿಮೆ ವರಮಾನದವರಿಗೆ ಮನೆ ಕೊಡುವುದು ಸಾಮಾಜಿಕ ಉದ್ದೇಶದ ಕಾರ್ಯವಾದ್ದರಿಂದ ಅದನ್ನು ಮಾರುಕಟ್ಟೆಯ ಮಾರಾಟಕ್ಕೆ ಸಮೀಕರಿಸಲಾಗದೆಂಬುದು ಸಮಂಜಸವಾದ ಉತ್ತರ. 1985ರ ಓಲ್ಗಾ ಟೆಲಿಸ್ ತೀರ್ಪಿನಿಂದ ಆರಂಭಿಸಿ ಸರ್ವೋಚ್ಚ ನ್ಯಾಯಾಲಯವು ಆಸರೆಯ ಪ್ರಶ್ನೆಯನ್ನು ಬದುಕುವ ಹಕ್ಕಿನೊಂದಿಗೆ ಜೋಡಿಸಿ ನೋಡಿರುವುದು ಈ ನಿಲುವಿಗೆ ಬೆಂಬಲವಾಗಿದೆ.

6. ವಿಧಿವಿಧಾನ ಮತ್ತು ಫಲದ ಮಿತಿ

ದೂರನ್ನು ನಿಗದಿತ ಪ್ರಪತ್ರದಲ್ಲಿ, ಪ್ರಮಾಣಪತ್ರದೊಂದಿಗೆ ಸಲ್ಲಿಸಬೇಕು. ನೊಂದವರು ಮೃತರಾಗಿದ್ದರೆ ಅಥವಾ ತಾವೇ ಬರಲಾಗದಿದ್ದರೆ ವಾರಸುದಾರರು ಅಥವಾ ಲಿಖಿತ ಅಧಿಕಾರ ಪಡೆದವರು ಮುಂದುವರಿಸಬಹುದು. ಸುಳ್ಳು ದೂರಿಗೆ ಶಿಕ್ಷೆಯೂ ಇದೆ. ಸುಳ್ಳು ಆಪಾದನೆಯನ್ನು ತಡೆಯಲು ಇವು ಬೇಕಾದೀತು. ಆದರೆ ‘ನನ್ನ ಮನೆಗೆ ಬಿಲ್ ಆಗಿಲ್ಲ’ ಎನ್ನುವವನಿಗೂ ಅದೇ ವಿಧಿ ಅನ್ವಯಿಸುವಾಗ ಅಕ್ಷರ ಬಾರದವರು ಹಿಂಜರಿಯುತ್ತಾರೆ.

ತನಿಖೆಯಿಂದ ಅನ್ಯಾಯ ರುಜುವಾತಾದರೆ 12ನೆಯ ಕಲಮಿನಂತೆ ಅದನ್ನು ಸರಿಪಡಿಸುವಂತೆ ಸಕ್ಷಮ ಪ್ರಾಧಿಕಾರಕ್ಕೆ ಅವಧಿ ಗೊತ್ತುಪಡಿಸಿ ಶಿಫಾರಸು ಮಾಡಲಾಗುತ್ತದೆ. ಅವಧಿ ಮುಗಿದ 1 ತಿಂಗಳೊಳಗೆ ಕೈಗೊಂಡ ಕ್ರಮವನ್ನು ತಿಳಿಸಬೇಕು. ಕ್ರಮ ತೃಪ್ತಿಕರವಲ್ಲದಿದ್ದರೆ ರಾಜ್ಯಪಾಲರಿಗೆ ವಿಶೇಷ ವರದಿ ಸಲ್ಲಿಸಬಹುದು. ಅದು ವಿವರಣಾತ್ಮಕ ಜ್ಞಾಪನದೊಂದಿಗೆ ವಿಧಾನಮಂಡಲದ ಮುಂದೆ ಬರುತ್ತದೆ. ಉಪಲೋಕಾಯುಕ್ತರ ಕಾರ್ಯ ಅರೆನ್ಯಾಯಿಕ ಸ್ವರೂಪದ್ದೆಂದು ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ಹೇಳಿತು. ಆದರೂ ಶಿಫಾರಸು ಆದೇಶವಲ್ಲ. ಒಬ್ಬಳ ಮನೆಯ ಕಂತಿಗಾಗಿ ರಾಜ್ಯಪಾಲರ ತನಕ, ವಿಧಾನಮಂಡಲದ ತನಕ ಹೋಗುವ ದಾರಿ ಕಾನೂನಿನಲ್ಲಿ ಇದೆಯೆಂಬುದು ನಿಜವಾದರೂ ವ್ಯವಹಾರದಲ್ಲಿ ಅದು ಅತಿ ದೂರದ ದಾರಿ.

ದೂರಿನ ರೂಪಾಂತರ

ಮೇಲಿನ ಮಿತಿಗಳನ್ನು ಒಟ್ಟಾಗಿ ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಪರ್ಯಾಯ ಪರಿಹಾರ, ಎರಡನೆಯ ಅನುಸೂಚಿ, ವಿವೇಚನಾಧಿಕಾರ ಈ ಮೂರು ತಡೆಗಳೂ ಕುಂದುಕೊರತೆಗೆ ಮಾತ್ರ ಅನ್ವಯಿಸುವಂಥವು. 6 ತಿಂಗಳ ಅಲ್ಪಾವಧಿಯೂ ಅದಕ್ಕೇ. ಆಪಾದನೆಗೆ ಈ ತಡೆಗಳಿಲ್ಲ. ಜೊತೆಗೆ ಅನುಚಿತ ತೊಂದರೆ ಎಂಬ ಅಂಶ ಎರಡೂ ವ್ಯಾಖ್ಯೆಗಳಲ್ಲಿ ಇರುವುದರಿಂದ ಒಂದೇ ಘಟನೆಯನ್ನು ಎರಡೂ ರೀತಿಯಲ್ಲಿ ಬರೆಯಲು ಸಾಧ್ಯ. ಇದರ ಸಹಜ ಪರಿಣಾಮವೆಂದರೆ ಮನೆಯ ದೂರು ಭ್ರಷ್ಟಾಚಾರದ ದೂರಿನ ರೂಪ ತಾಳಬೇಕಾದ ಒತ್ತಡ. ಕೆಲಸವಾಗಲಿಲ್ಲ ಎನ್ನಬೇಕಾದವನು ಅಧಿಕಾರಿ ದುರುದ್ದೇಶದಿಂದ ತಡೆದನೆಂದು ಬರೆಯಬೇಕಾಗುತ್ತದೆ.

ಈ ರೂಪಾಂತರದಿಂದ ಮೂರು ಹಾನಿಗಳಿವೆ. ಮೊದಲನೆಯದಾಗಿ, ದುರುದ್ದೇಶವನ್ನು ಸಾಬೀತುಪಡಿಸುವುದು ವಿಳಂಬವನ್ನು ಸಾಬೀತುಪಡಿಸುವುದಕ್ಕಿಂತ ಬಹಳ ಕಷ್ಟ. ಆಪಾದನೆ ಬಿದ್ದುಹೋದಾಗ ನಿಜವಾದ ಅಹವಾಲೂ ಅದರೊಡನೆ ಬಿದ್ದುಹೋಗುತ್ತದೆ. ಎರಡನೆಯದಾಗಿ, ನಿಷ್ಠಾವಂತ ಅಧಿಕಾರಿಯೂ ಆರೋಪಿಯ ಸ್ಥಾನದಲ್ಲಿ ನಿಲ್ಲಬೇಕಾಗುತ್ತದೆ. ಮೂರನೆಯದಾಗಿ, ಆಪಾದನೆ ರುಜುವಾತಾದರೂ ಅದರ ಫಲ ನೌಕರನ ಮೇಲಿನ ಶಿಸ್ತುಕ್ರಮವೇ ಹೊರತು ದೂರುದಾರಳ ಮನೆಯಲ್ಲ.

ಸಾರ್ವಜನಿಕ ಗಮನವೂ ಇದೇ ದಿಕ್ಕಿನಲ್ಲಿ ಹರಿದಿದೆ. ಗಣಿಗಾರಿಕೆಯ ಕುರಿತ 2011ರ ವರದಿ, 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳದ ರಚನೆ, 2022ರ ಆಗಸ್ಟ್‌ನಲ್ಲಿ ಉಚ್ಚ ನ್ಯಾಯಾಲಯ ಅದನ್ನು ರದ್ದುಗೊಳಿಸಿದ್ದು ಇವೆಲ್ಲ ಲೋಕಾಯುಕ್ತ ಚರ್ಚೆಯ ಕೇಂದ್ರದಲ್ಲಿದ್ದವು. ರಾಷ್ಟ್ರಮಟ್ಟದಲ್ಲಿ 2013ರ ಲೋಕಪಾಲ ಮತ್ತು ಲೋಕಾಯುಕ್ತ ಕಾಯಿದೆ ಭ್ರಷ್ಟಾಚಾರದ ಅಪರಾಧಗಳಿಗಷ್ಟೇ ಸೀಮಿತವಾಯಿತು. ಕುಂದುಕೊರತೆ ನಿವಾರಣೆಗಾಗಿ 2011ರಲ್ಲಿ ಲೋಕಸಭೆಯಲ್ಲಿ ಮಂಡನೆಯಾದ ಪ್ರತ್ಯೇಕ ವಿಧೇಯಕ 2014ರಲ್ಲಿ ಆ ಸಭೆಯ ಅವಧಿಯೊಡನೆ ಬಿದ್ದುಹೋಯಿತು.

ಇಂಗ್ಲೆಂಡಿನ ಅನುಭವ

ಇಂತಹ ಮಿತಿಗಳು ನಮ್ಮಲ್ಲಿ ಮಾತ್ರ ಇವೆಯೆಂದು ಭಾವಿಸಬೇಕಾಗಿಲ್ಲ. ಸ್ಥಳೀಯ ಸಂಸ್ಥೆಗಳೂ ವಸತಿ ಸಂಘಗಳೂ ಬಾಡಿಗೆಗೆ ಮನೆ ಒದಗಿಸುವ ಇಂಗ್ಲೆಂಡಿನಲ್ಲಿ ಇದೇ ಪ್ರಶ್ನೆಗಳು ಎದ್ದಿವೆ. 1974ರ ಕಾಯಿದೆಯಿಂದ ಸ್ಥಳೀಯ ಆಡಳಿತದ ಓಂಬುಡ್ಸ್‌ಮನ್ ವ್ಯವಸ್ಥೆ ಅಲ್ಲಿ ಸ್ಥಾಪನೆಯಾಯಿತು. ಪರ್ಯಾಯ ಪರಿಹಾರ, ಕಾಲಮಿತಿ, ದುರಾಡಳಿತವಿಲ್ಲದ ನಿರ್ಣಯದ ಗುಣಾವಗುಣವನ್ನು ಪ್ರಶ್ನಿಸದಿರುವುದು ಎಂಬ ನಿಬಂಧನೆಗಳು ಅದರಲ್ಲಿಯೂ ಇವೆ. 1988ರ ತನಕ ದೂರು ಸಾಮಾನ್ಯವಾಗಿ ಕೌನ್ಸಿಲರ ಮೂಲಕವೇ ಬರಬೇಕಾಗಿತ್ತು.

ವಸತಿ ದೂರುಗಳ ಪ್ರಮಾಣ ಮತ್ತು ಸ್ವರೂಪವನ್ನು ಗಮನಿಸಿ ಅಲ್ಲಿ ಪ್ರತ್ಯೇಕ ವ್ಯವಸ್ಥೆಯನ್ನು ರೂಪಿಸಲಾಯಿತು. 1996ರ ವಸತಿ ಕಾಯಿದೆಯಡಿ ವಸತಿ ಸಂಘಗಳ ಬಾಡಿಗೆದಾರರಿಗಾಗಿ ಸ್ವತಂತ್ರ ವಸತಿ ಓಂಬುಡ್ಸ್‌ಮನ್ ಯೋಜನೆ ಬಂದಿತು. 2013ರ ಏಪ್ರಿಲ್‌ನಿಂದ ಸ್ಥಳೀಯ ಸಂಸ್ಥೆಗಳ ಬಾಡಿಗೆದಾರರ ದೂರುಗಳೂ ಅದಕ್ಕೆ ಸೇರಿದವು. ಆದರೆ ಅದೇ ಸಮಯದಲ್ಲಿ ಹೊಸ ತಡೆಯೊಂದು ಹುಟ್ಟಿತು. ಸಂಸದ, ಕೌನ್ಸಿಲರ್ ಅಥವಾ ಬಾಡಿಗೆದಾರರ ಮಂಡಲಿಯ ಮೂಲಕ ಬರಬೇಕು, ಇಲ್ಲವೇ 8 ವಾರ ಕಾಯಬೇಕು ಎಂಬುದೇ ಆ ತಡೆ. ಅನುಭವದಲ್ಲಿ ಅದು ವಿಳಂಬಕ್ಕೆ ಕಾರಣವೆಂದು ಕಂಡುಬಂದು 2022ರ ಅಕ್ಟೋಬರ್ 1ರಿಂದ ರದ್ದಾಯಿತು. ಇಂದಿಗೂ ಬಾಡಿಗೆಯ ದರ ನಿಗದಿ, ನ್ಯಾಯಾಲಯದ ಮುಂದಿರುವ ವಿಷಯ ಮೊದಲಾದವು ಆ ಓಂಬುಡ್ಸ್‌ಮನ್‌ನ ವ್ಯಾಪ್ತಿಯಲ್ಲಿಲ್ಲ. ಮನೆ ಹಂಚಿಕೆ ಮತ್ತು ವಸತಿಹೀನತೆಗೆ ಸಂಬಂಧಿಸಿದ ಸ್ಥಳೀಯ ಸಂಸ್ಥೆಗಳ ನಿರ್ಣಯಗಳು ಇನ್ನೊಬ್ಬ ಓಂಬುಡ್ಸ್‌ಮನ್‌ಗೆ ಸೇರುತ್ತವೆ.

ಮಿತಿಯನ್ನು ಯಾಂತ್ರಿಕವಾಗಿ ಅರ್ಥೈಸಿದರೆ ಏನಾಗುತ್ತದೆಂಬುದಕ್ಕೆ ರಾಚ್‌ಡೇಲ್ ಪಟ್ಟಣದ ಪ್ರಕರಣ ಸಾಕ್ಷಿ. ಬೂಷ್ಟು ಹಿಡಿದ ಮನೆಯಲ್ಲಿ ವಾಸವಾಗಿದ್ದ 2 ವರ್ಷದ ಅವಾಬ್ ಇಶಾಕ್ ಎಂಬ ಮಗು 2020ರ ಡಿಸೆಂಬರ್‌ನಲ್ಲಿ ಮೃತಪಟ್ಟಿತು. ದೀರ್ಘಕಾಲ ಬೂಷ್ಟಿಗೆ ಒಡ್ಡಿಕೊಂಡಿದ್ದರಿಂದ ಉಸಿರಾಟದ ತೊಂದರೆಯುಂಟಾಗಿ ಸಾವು ಸಂಭವಿಸಿತೆಂದು 2022ರ ನವೆಂಬರ್‌ನಲ್ಲಿ ಮರಣ ವಿಚಾರಣಾಧಿಕಾರಿ ನಿರ್ಣಯಿಸಿದರು. ಕುಟುಂಬ ವಕೀಲರ ಮೂಲಕ ಹಕ್ಕು ಮಂಡಿಸಿದ ಬಳಿಕ ಆ ವಿವಾದ ಇತ್ಯರ್ಥವಾಗುವವರೆಗೆ ರಿಪೇರಿಯನ್ನು ತಡೆಹಿಡಿಯುವ ಪದ್ಧತಿ ಇತ್ತೆಂಬುದು ವಿಚಾರಣೆಯಲ್ಲಿ ಹೊರಬಂದಿತು. ಬೇರೆ ಪರಿಹಾರದ ದಾರಿ ಹಿಡಿದದ್ದೇ ಇರುವ ಪರಿಹಾರಕ್ಕೆ ಅಡ್ಡಿಯಾಯಿತು. ವಕೀಲರ ಪತ್ರ ಬಂದ ಮಾತ್ರಕ್ಕೆ ನ್ಯಾಯಾಲಯದ ವ್ಯವಹರಣೆ ಆರಂಭವಾಗುವುದಿಲ್ಲ, ದೂರನ್ನು ಅಷ್ಟಕ್ಕೇ ನಿಲ್ಲಿಸಬಾರದು ಎಂಬುದು ವಸತಿ ಓಂಬುಡ್ಸ್‌ಮನ್‌ನ ನಿಲುವು. 2023ರ ಸಾಮಾಜಿಕ ವಸತಿ ನಿಯಂತ್ರಣ ಕಾಯಿದೆಯಲ್ಲಿ ಆ ಮಗುವಿನ ಹೆಸರಿನಿಂದಲೇ ಪ್ರಸಿದ್ಧವಾದ ನಿಬಂಧನೆ ಸೇರಿತು. ಅದರಡಿಯ ನಿಯಮಗಳು 2025ರ ಅಕ್ಟೋಬರ್ 27ರಂದು ಜಾರಿಗೆ ಬಂದು ತುರ್ತು ಅಪಾಯಗಳನ್ನು 24 ಗಂಟೆಗಳೊಳಗೆ ನಿವಾರಿಸಬೇಕೆಂದು ವಿಧಿಸಿದವು. ದೂರು ನಿರ್ವಹಣೆಯ ಸಂಹಿತೆಗೂ 2024ರ ಏಪ್ರಿಲ್‌ನಿಂದ ಶಾಸನಬಲ ದೊರೆತಿದೆ.

ಇಂಗ್ಲೆಂಡಿನ ಬಾಡಿಗೆ ಮನೆಗಳಿಗೂ ಕರ್ನಾಟಕದ ಸಹಾಯಧನದ ಮನೆಗಳಿಗೂ ಇರುವ ಅಂತರ ದೊಡ್ಡದು. ಆದುದರಿಂದ ಆ ವ್ಯವಸ್ಥೆಯನ್ನು ಇದ್ದಂತೆ ತರುವ ಪ್ರಶ್ನೆಯಿಲ್ಲ. ಆದರೆ ತನಿಖಾಧಿಕಾರದ ಮಿತಿಗಳು ಅನುಭವದ ಬೆಳಕಿನಲ್ಲಿ ತಿದ್ದುಪಡಿಗೆ ಒಳಗಾಗಬಲ್ಲವು ಎಂಬ ಪಾಠ ಅಲ್ಲಿಂದ ದೊರೆಯುತ್ತದೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಲೋಕಾಯುಕ್ತರ ಅಧಿಕಾರದ ಮಿತಿಗಳನ್ನು ಎರಡು ಬಗೆಯಾಗಿ ಕಾಣಬಹುದು. ಮೊದಲನೆಯವು ಸಂಸ್ಥೆಯ ಸ್ವರೂಪದಿಂದಲೇ ಬಂದವು. ನ್ಯಾಯಾಲಯದ ಕೆಲಸವನ್ನು ತಾನು ಮಾಡದಿರುವುದು, ಆಡಳಿತದ ನೈಜ ವಿವೇಚನೆಯನ್ನು ಗೌರವಿಸುವುದು ಇವು ಇರಬೇಕಾದ ಮಿತಿಗಳು. ಎರಡನೆಯವು ಶಾಸನ ರಚನೆಯ ಸಂದರ್ಭದಲ್ಲಿ ಬಂದು ಸೇರಿದಂಥವು. 6 ತಿಂಗಳ ಅವಧಿ, ಬಳಸಲಾಗದ ಪರಿಹಾರವನ್ನೂ ಪರಿಹಾರವೆಂದೇ ಎಣಿಸುವುದು, ಎಲ್ಲ ದೂರುಗಳಿಗೂ ಒಂದೇ ವಿಧಿವಿಧಾನ ಇವು ಪುನರ್ವಿಮರ್ಶೆಗೆ ಯೋಗ್ಯವಾದವು.

ಈ ದೃಷ್ಟಿಯಿಂದ ಕೆಲವು ಸಲಹೆಗಳನ್ನು ಮುಂದಿಡಬಹುದು. ಒಂದು, ಮೇಲಿನ ಕಚೇರಿಗೆ ಸಲ್ಲಿಸಿದ ಅರ್ಜಿ ಬಾಕಿಯಿರುವ ಕಾಲವನ್ನು ಕುಂದುಕೊರತೆಯ ಅವಧಿಯಿಂದ ಕಳೆಯುವುದು. ಎರಡು, ಪರ್ಯಾಯ ಪರಿಹಾರ ಇದೆಯೇ ಎಂಬುದರ ಬದಲು ಆ ದೂರುದಾರ ಅದನ್ನು ಬಳಸಬಲ್ಲನೇ ಎಂದು ಪರಿಶೀಲಿಸುವುದು. ಮೂರು, ಫಲಾನುಭವಿಗಳ ಪಟ್ಟಿಯಿಂದ ಹೆಸರನ್ನು ಕೈಬಿಟ್ಟಾಗ ಲಿಖಿತ ಕಾರಣ ನೀಡುವುದನ್ನು ಕಡ್ಡಾಯಗೊಳಿಸುವುದು. ನಾಲ್ಕು, ಆಪಾದನೆಯ ದೂರಿನೊಳಗೆ ಕುಂದುಕೊರತೆಯೂ ಅಡಗಿದ್ದರೆ ಎರಡನ್ನೂ ಬೇರ್ಪಡಿಸಿ, ಆಪಾದನೆ ನಿಲ್ಲದಿದ್ದರೂ ಕುಂದುಕೊರತೆಯ ತನಿಖೆ ಮುಂದುವರಿಸುವುದು. ಇವುಗಳಲ್ಲಿ ಕೊನೆಯದು ತನಿಖಾ ಪದ್ಧತಿಯಲ್ಲಿಯೇ ಬಹುಮಟ್ಟಿಗೆ ಸಾಧ್ಯವಾಗಬಹುದಾದದ್ದು. ಉಳಿದವಕ್ಕೆ ಶಾಸನ ಅಥವಾ ನಿಯಮಗಳ ತಿದ್ದುಪಡಿ ಬೇಕಾದೀತು.

ಮನೆ ಕಟ್ಟಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದು ಉಳ್ಳವರನ್ನು ಕುರಿತು. ಇಲ್ಲದವರು ಮನೆ ಕಟ್ಟಿಕೊಳ್ಳುವಾಗ ಸರ್ಕಾರವೇ ಅವರ ಜೊತೆ ನಿಲ್ಲುವುದಾಗಿ ಮಾತು ಕೊಟ್ಟಿದೆ. ಆ ಮಾತು ತಪ್ಪಿದಾಗ ಯಾರ ಮೇಲೂ ಕಳಂಕ ಹೊರಿಸದೆ ತನ್ನ ಕೊರತೆಯನ್ನಷ್ಟೇ ಹೇಳಿಕೊಂಡು ಪರಿಹಾರ ಪಡೆಯುವ ಅವಕಾಶ ನಾಗರಿಕನಿಗೆ ಇರಬೇಕು. 1984ರ ಅಧಿನಿಯಮವು ಕುಂದುಕೊರತೆ ಎಂಬ ಪದವನ್ನು ತನ್ನ ವ್ಯಾಖ್ಯೆಗಳಲ್ಲಿ ಸೇರಿಸಿಕೊಂಡದ್ದು ಆ ಅವಕಾಶಕ್ಕಾಗಿಯೇ. ಆ ಪದಕ್ಕೆ ಆಪಾದನೆಗಿರುವಷ್ಟೇ ಬಲವನ್ನು ತಂದುಕೊಡುವುದು ಇನ್ನೂ ಉಳಿದಿರುವ ಕೆಲಸ.